ಮೀನಿನ ತೊಟ್ಟಿಗಳಲ್ಲಿಯೂ ಕೊಳಗಳಲ್ಲಿಯೂ ಹೆಚ್ಚುನೀರನ್ನು ಸದ್ದಿಲ್ಲದೆ ಹೊರಬಿಡತಕ್ಕ ಕ್ರಮ

ಕರ್ನಾಟಕದ ಬಯಲುಸೀಮೆಯಲ್ಲಿ 2014ನೆಯ ಇಸವಿಯಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದೀಚೆಗೆ ಜಮೀನುಗಳಲ್ಲಿ ಕೃಷಿಹೊಂಡಗಳನ್ನು ತೋಡಿಸುವ ರೂಢಿಯು ಬಹಳವಾಗಿ ಹಬ್ಬಿದೆ. ಹೊಂಡದಲ್ಲಿ ನಿಂತ ನೀರನ್ನು ಬೆಳೆಗೆ ಹಾಯಿಸುವುದರ ಜೊತೆಗೆ ಅದರಲ್ಲಿಯೇ ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಮೀನುಗಳ ಮರಿಗಳನ್ನು ಬಿಟ್ಟು ಸಾಕತಕ್ಕವರೂ ಇದ್ದಾರೆ. ಕೆಲವರು ಬಾವಿಯ ಬಳಿಯಲ್ಲಿ ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿ, ಮರಿಗಳನ್ನು ಬೆರಳುದ್ದಕ್ಕೆ ಬೆಳೆಸಿ ಕೊಳಗಳಿಗೆ ಬಿಡುತ್ತಾರೆ. ಇದೆಲ್ಲವೂ ಸಂತೋಷದ ಸಂಗತಿಯೇ ಸರಿ. ಆದರೆ ತೊಟ್ಟಿಯನ್ನಾಗಲಿ ಕೊಳವನ್ನಾಗಲಿ ಮಾಡಿಸತಕ್ಕವರು ನೀರು ಒಳಕ್ಕೆ ಬರುವ ವಿಷಯದಲ್ಲಿ ಎಷ್ಟು ಆಲೋಚನೆ ಮಾಡುವರೋ, ಅದು ಹೊರಕ್ಕೆ ಹೋಗುವ ವಿಷಯದಲ್ಲಿ ಅದರ ಕಾಲು ಪಾಲನ್ನೂ ಮಾಡುವುದಿಲ್ಲ. ಗೋಡೆಯಲ್ಲಿ ಒಂದು ತೂತನ್ನು ಕೊರೆದು ಒಂದು ಕೊಳವೆಯನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆ ಒಂದೇ ಕೊಳವೆಗೆ ಮಳೆಗಾಲದ ಒಂದು ರಾತ್ರಿ ನಾಲ್ಕು ಹೊಂಗೆಯ ಎಲೆಗಳು ಅಡ್ಡ ಬಂದರೆ ಸಾಕು. ಬೆಳಗಾಗುವುದರೊಳಗೆ ತೊಟ್ಟಿಯ ಮೀನು ಅಂಗಳದಲ್ಲಿ ಬಿದ್ದಿರುತ್ತದೆ. ಮಣ್ಣಿನ ಕೊಳವಾದರೆ ಏರಿಯೇ ಕೊಚ್ಚಿಹೋಗಿರುತ್ತದೆ, ಕೆಳಗಿನ ಜಮೀನಿನವರ ಪೈರೂ ಅದರ ಸಂಗಡ ಹೋಗಿರುತ್ತದೆ.

ಈ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದುದು ಬಹಳವಿಲ್ಲ. ಪ್ರತಿ ಊರಿನ ಹಿರಿಯರಿಗೂ ತಮ್ಮ ಕೆರೆಯು ಗೊತ್ತು. ಕೆರೆಗೆ ಏರಿಯೊಂದೇ ಸಾಲದೆಂದು ಕಟ್ಟಿದವರು ತಿಳಿದಿದ್ದುದರಿಂದಲೇ ಅದಕ್ಕೆ ತೂಬನ್ನೂ ಇಟ್ಟರು, ಕೋಡಿಯನ್ನೂ ಇಟ್ಟರು. ತೂಬು ಇರುವುದು ಬೇಕಾದಾಗ ಬೇಕಾದಷ್ಟು ನೀರನ್ನು ತಳದಿಂದ ಬಿಡುವುದಕ್ಕೆ. ಅದನ್ನು ತೆರೆದು ಮುಚ್ಚುವುದಕ್ಕೆ ನೀರುಗಂಟಿ ಇರುತ್ತಿದ್ದನು. ಕೋಡಿಯನ್ನು ತೆರೆಯತಕ್ಕವರು ಯಾರೂ ಇಲ್ಲ; ನೀರು ಮಟ್ಟಕ್ಕೆ ಬಂದಾಗ ಅದು ತಾನಾಗಿಯೇ ಹರಿಯುತ್ತದೆ, ಮಧ್ಯರಾತ್ರಿಯಲ್ಲಾದರೂ ಹರಿಯುತ್ತದೆ. ಮೀನಿನ ತೊಟ್ಟಿಗೂ ಈ ಎರಡು ಬೇರೆ ಬೇರೆ ಅಂಗಗಳು ಬೇಕು. ಒಂದೇ ಕೊಳವೆಯಿಂದ ಎರಡು ಕೆಲಸಗಳನ್ನೂ ಮಾಡಿಸಹೋಗುವುದೇ ಕೆಡುಕಿನ ಮೂಲ.

ಸದ್ದು ಏಕೆ ಆಗುತ್ತದೆ?

ತೊಟ್ಟಿಯ ಹೆಚ್ಚುನೀರಿನ ಕೊಳವೆಯು ಹಗಲೂ ರಾತ್ರಿಯೂ ಗೊಳಗೊಳನೆ ಸದ್ದು ಮಾಡುವುದನ್ನು ಅನೇಕರು ಕೇಳಿದ್ದಾರೆ. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕತಕ್ಕವರಿಗೆ ಅದು ನಿದ್ರೆ ಕೆಡಿಸುವ ಪೀಡೆ ಮಾತ್ರ. ಬಾವಿಯ ಬಳಿಯ ತೊಟ್ಟಿಯ ಯಜಮಾನನು ಅದನ್ನು ಲೆಕ್ಕಿಸುವುದೇ ಇಲ್ಲ. ನೀರು ಹೋಗುತ್ತಲಿದೆಯಲ್ಲಾ ಎಂದು ಸಮಾಧಾನ ಪಡುತ್ತಾನೆ. ಇದು ತಪ್ಪು. ಆ ಸದ್ದು ಕೊಳವೆಯ ರೋಗದ ಲಕ್ಷಣ.

ನಿಂತ ಕೊಳವೆಯ ಬಾಯಿಗೆ ನೀರು ಸುತ್ತಲಿಂದಲೂ ಬಂದು ಬೀಳುವಾಗ ಸುಳಿಯು ಏರ್ಪಟ್ಟು ತನ್ನ ಸಂಗಡ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ನೀರೂ ಗಾಳಿಯೂ ಕಲೆತು ಕೆಳಗಿಳಿಯುವಾಗ ಎಲ್ಲಿಯೋ ಒಂದು ಕಡೆ ನೀರು ಕೊಳವೆಯ ಅಗಲವನ್ನೆಲ್ಲಾ ತುಂಬಿಕೊಳ್ಳುತ್ತದೆ. ತುಂಬಿದೊಡನೆಯೇ ಆ ನೀರಿನ ಭಾರವು ಮೇಲಿನ ನೀರನ್ನು ಹೀರಿಕೊಳ್ಳಲು ತೊಡಗುತ್ತದೆ. ಸೈಫನ್ ಎಂದು ಕರೆಯುವುದು ಇದನ್ನೇ. ಹೀರುವ ಕೊಳವೆಯು ಸುಮ್ಮನೆ ಸುರಿಯುವ ಕೊಳವೆಗಿಂತ ಎಷ್ಟೋ ಹೆಚ್ಚು ನೀರನ್ನು ಒಯ್ಯುತ್ತದೆ. ಆದುದರಿಂದ ತೊಟ್ಟಿಯ ಮಟ್ಟವು ಬೇಗನೆ ತಗ್ಗಿ ಕೊಳವೆಯ ಬಾಯಿ ಬಯಲಾಗುತ್ತದೆ. ಗಾಳಿ ಒಳಹೊಕ್ಕು ಹೀರುವಿಕೆಯು ಕಡಿದುಹೋಗುತ್ತದೆ. ಆಗ ಗೊಳಕ್ಕೆಂದು ಸದ್ದಾಗುತ್ತದೆ. ಪಂಪಿನ ನೀರು ಬರುತ್ತಲೇ ಇರುವುದರಿಂದ ಮಟ್ಟವು ಪುನಃ ಏರುತ್ತದೆ, ಪುನಃ ಹೀರುತ್ತದೆ, ಪುನಃ ಕಡಿಯುತ್ತದೆ. ಹೀಗೆ ಒಂದು ನಿಮಿಷದಲ್ಲಿ ಹಲವು ಸಾರಿ ನಡೆಯುವುದೂ ಉಂಟು. ಪ್ರತಿ ಸಾರಿಯೂ ಕೊಳವೆಯು ಅದಿರುತ್ತದೆ. ಗೋಡೆಯ ಗಾರೆಯ ಕಟ್ಟು ದಿನದಿನಕ್ಕೆ ಸಡಿಲವಾಗುತ್ತದೆ; ಮಣ್ಣಿನ ಏರಿಯಾದರೆ ಕೊಳವೆಯ ಹೊರಮೈಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಕೂದಲೆಳೆಯಷ್ಟು ಸಂದಿನಲ್ಲಿ ನುಸುಳಿದ ನೀರು ಮಣ್ಣನ್ನು ತಿನ್ನುತ್ತಾ ಅದನ್ನು ಹೆಗ್ಗಣದ ಬಿಲದಷ್ಟು ಮಾಡುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ.

ಇದಕ್ಕೆ ಪರಿಹಾರಗಳು ಎರಡೇ. ಒಂದು, ಕೊಳವೆಯಲ್ಲಿ ಗಾಳಿಯೇ ಇಲ್ಲದಂತೆ ಅದು ಸದಾ ತುಂಬಿ ಹರಿಯಬೇಕು. ಇನ್ನೊಂದು, ಕೊಳವೆಯು ಎಂದಿಗೂ ತುಂಬದಂತೆ ನೀರು ಅದರ ಒಳಮೈಯನ್ನು ಸವರಿಕೊಂಡು ಸ್ವಲ್ಪ ಸ್ವಲ್ಪವಾಗಿ ಇಳಿಯಬೇಕು, ಗಾಳಿಗೆ ನಡುವೆ ಧಾರಾಳವಾಗಿ ದಾರಿಯಿರಬೇಕು. ಕಟ್ಟಡಗಳ ಚರಂಡಿಯ ನಿಂತ ಕೊಳವೆಗಳನ್ನು ಅವುಗಳ ಅಗಲದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನೀರು ತುಂಬದಂತೆ ಲೆಕ್ಕ ಹಾಕಿ ಇಡುವುದೂ ಈ ಕಾರಣದಿಂದಲೇ. ಈ ಎರಡು ಸ್ಥಿತಿಗಳ ನಡುವೆ ಇರತಕ್ಕದ್ದೆಲ್ಲವೂ ಸದ್ದು, ಅದಿರಾಟ.

ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ನೀರು ತೊಟ್ಟಿಯೊಳಕ್ಕೆ ಬೀಳುವ ಸದ್ದು ಕೆಟ್ಟದ್ದಲ್ಲ. ಪಂಪಿನ ನೀರು ಎತ್ತರದಿಂದ ಚೆಲ್ಲಿಕೊಂಡು ಬಿದ್ದಷ್ಟೂ ಅದರಲ್ಲಿ ಗಾಳಿ ಕರಗಿ ಮೀನಿಗೆ ಉಸಿರಾಟಕ್ಕೆ ಅನುಕೂಲವಾಗುತ್ತದೆ. ಮೀನು ಹೆಚ್ಚಾಗಿ ಸಾಯುವುದು ಬೆಳಗಿನ ಜಾವದಲ್ಲಿ. ರಾತ್ರಿಯೆಲ್ಲಾ ನೀರಿನ ಪಾಚಿಯೂ ಮೀನೂ ಕರಗಿದ ಆಮ್ಲಜನಕವನ್ನು ಖರ್ಚು ಮಾಡಿ ಆ ಹೊತ್ತಿಗೆ ಅದು ತೀರ ಕಡಮೆಯಾಗಿರುತ್ತದೆ. ಆದುದರಿಂದ ಒಳಬರುವ ಕಡೆ ಸದ್ದಿರಲಿ. ಹೊರಹೋಗುವ ಕಡೆ ಇರಕೂಡದು. ಸದ್ದು ಎರಡು ಕಡೆಯೂ ಒಂದೇ ಎಂದು ತಿಳಿದು ಬೀಳುವ ನೀರನ್ನು ಕೊಳವೆಯ ಮೂಲಕ ತಳಕ್ಕೆ ಇಳಿಸಿಬಿಡತಕ್ಕವರು ಮೀನಿನ ಉಸಿರನ್ನೇ ನಿಲ್ಲಿಸಿದಂತಾಗುತ್ತದೆ.

ಸಿಮೆಂಟಿನ ತೊಟ್ಟಿಗೆ ಮೂರು ಕೊಳವೆಗಳು

ಅಮೆರಿಕಾ ದೇಶದಲ್ಲಿ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕುವ ಹವ್ಯಾಸಿಗಳು ಒಂದು ಕ್ರಮವನ್ನು ರೂಢಿಗೆ ತಂದಿದ್ದಾರೆ. ಹೆಚ್ಚುನೀರಿಗೆ ಒಂದರ ಬದಲು ಮೂರು ಕೊಳವೆಗಳನ್ನು ಇಟ್ಟು, ಮೊದಲನೆಯದನ್ನು ಸದಾ ತುಂಬಿ ಹರಿಯುವಂತೆಯೂ, ಎರಡನೆಯದನ್ನು ಸವರಿಕೊಂಡು ಹರಿಯುವಂತೆಯೂ, ಮೂರನೆಯದನ್ನು ಸದಾ ಒಣಗಿರುವಂತೆಯೂ ಏರ್ಪಡಿಸುವುದೇ ಆ ಕ್ರಮ. ಇದು ಮೀನುಮರಿಗಳ ಸಿಮೆಂಟು ತೊಟ್ಟಿಗೆ ಹಾಗೆಯೇ ಒಪ್ಪುತ್ತದೆ. ನೀರಿನ ಅಭಾವವಿರುವ ಕಡೆಗಳಲ್ಲಿ ತೊಟ್ಟಿಯಿಂದ ಹೊರಬಂದ ನೀರನ್ನು ತಗ್ಗಿನ ಸಂಪಿನಲ್ಲಿ ಹಿಡಿದು, ಜಲ್ಲಿ ಮರಳುಗಳಲ್ಲಿ ಸೋಸಿ, ಪಂಪಿನಿಂದ ಪುನಃ ತೊಟ್ಟಿಗೆ ಎತ್ತುವುದುಂಟಷ್ಟೆ. ಅಂಥ ತೊಟ್ಟಿಯೊಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ತೊಟ್ಟಿಯ ಉದ್ದ 10 ಅಡಿ, ಅಗಲ 6 ಅಡಿ, ನೀರಿನ ಆಳ ಮೂರೂವರೆ ಅಡಿ ಎಂದಿಟ್ಟುಕೊಳ್ಳೋಣ. ಇದರಲ್ಲಿ ಸುಮಾರು 6,000 ಲೀಟರು ನೀರು ಹಿಡಿಯುತ್ತದೆ. ಗಂಟೆಗೊಂದಾವರ್ತಿ ನೀರು ತಿರುಗಬೇಕಾದರೆ ಪಂಪು ನಿಮಿಷಕ್ಕೆ 100 ಲೀಟರನ್ನು ಎತ್ತಬೇಕು. ಎರಡಂಗುಲದ ಕೊಳವೆಯು 2 ಅಡಿ ಇಳಿತದಲ್ಲಿ ತುಂಬಿ ಹರಿದರೆ ನಿಮಿಷಕ್ಕೆ ಇದರ ಎರಡರಷ್ಟಕ್ಕಿಂತಲೂ ಹೆಚ್ಚನ್ನು ಒಯ್ಯಬಲ್ಲದು. ಆದುದರಿಂದ ಮೂರು ಕೊಳವೆಗಳೂ ಎರಡಂಗುಲದವೇ ಆಗಿರಲಿ. ಮೂರಕ್ಕೂ ಒಂದೇ ಅಳತೆಯಿದ್ದರೆ, ಒಂದು ಕಟ್ಟಿಕೊಂಡಾಗ ಇನ್ನೊಂದು ಅದರ ಕೆಲಸವನ್ನು ಪೂರ್ತಿಯಾಗಿ ಹೊರಬಲ್ಲದು. ಮೂರನೆಯದು ಎಂದೋ ಒಂದು ದಿನ ಬೇಕಾಗುವುದೆಂದು ಅದಕ್ಕೆ ಸಣ್ಣ ಕೊಳವೆಯನ್ನು ಹಾಕುವ ಜಿಪುಣತನವು ಸಲ್ಲದು.

ಕೊಳವೆಗಳನ್ನು ತೊಟ್ಟಿಯ ನಡುವೆ ಬಯಲಾಗಿ ನಿಲ್ಲಿಸಬಾರದು. ತೊಟ್ಟಿಯ ಒಂದು ಮೂಲೆಯಲ್ಲಿ ಒಂದಡಿ ಚೌಕದಷ್ಟು ಜಾಗವನ್ನು ತಳದಿಂದಲೇ ಎದ್ದ ಸಣ್ಣ ಗೋಡೆಯಿಂದ ಬೇರೆಮಾಡಬೇಕು. ಈ ಮೂಲೆಗೂಡಿನ ಗೋಡೆಯ ತಲೆಯೇ ತೊಟ್ಟಿಯ ಕೋಡಿ. ಎರಡು ಪಕ್ಕಗಳೂ ಸೇರಿ ಅದರ ಉದ್ದವು 2 ಅಡಿಯಾಗುತ್ತದೆ. ನಿಮಿಷಕ್ಕೆ 100 ಲೀಟರು ನೀರು ಈ 2 ಅಡಿ ಅಂಚಿನ ಮೇಲೆ ಸುಮಾರು ಅರ್ಧ ಅಂಗುಲ ದಪ್ಪವಾಗಿ ಹರಿದು ಗೂಡಿನೊಳಕ್ಕೆ ಇಳಿಯುತ್ತದೆ. ಅಂಚನ್ನು ಮಟ್ಟಗೋಲಿನಿಂದ ನೋಡಿ ಸಮವಾಗಿ ಮಾಡಿಸಬೇಕು. ಒಂದು ಕಡೆ ತಗ್ಗಾದರೆ ನೀರೆಲ್ಲಾ ಅಲ್ಲಿಯೇ ನುಗ್ಗಿ ಮರಿಗಳನ್ನು ಎಳೆಯುತ್ತದೆ. ಅಂಚಿನ ಮೇಲೆ ಜಾಲರಿ ಕಟ್ಟಿದರೆ ಮರಿಗಳು ಗೂಡಿಗೆ ಬೀಳುವುದಿಲ್ಲ.

ಗೂಡಿನೊಳಗೆ ಮೂರು ಕೊಳವೆಗಳು ತಳವನ್ನು ತೂರಿಕೊಂಡು ನಿಲ್ಲುತ್ತವೆ. ಮೊದಲನೆಯದರ ತಲೆಗೆ ಎಲ್ಬೋಗಳನ್ನು ಹಾಕಿ ಬಾಯಿಯನ್ನು ಕೆಳಮುಖವಾಗಿ ತಿರುಗಿಸಿ, ಆ ಬಾಯಿಯು ಗೂಡಿನ ನೀರಿನ ಮಟ್ಟಕ್ಕಿಂತ ನಾಲ್ಕಾರು ಅಂಗುಲ ಕೆಳಗೆ ಮುಳುಗಿರುವಂತೆ ಮಾಡಬೇಕು. ಅಷ್ಟು ಆಳದಲ್ಲಿ ಸುಳಿಯು ಗಾಳಿಯನ್ನು ಎಳೆಯಲಾರದು. ಈ ಕೊಳವೆಗೆ ತೊಟ್ಟಿಯ ಹೊರಗೆ ಒಂದು ವಾಲ್ವು ಇರತಕ್ಕದ್ದು. ಪಂಪಿನಿಂದ ಬರುವುದರಲ್ಲಿ ಅತಿ ಹೆಚ್ಚಿನ ಪಾಲು ಇದರಲ್ಲಿಯೇ ಹೋಗುವಂತೆ ವಾಲ್ವನ್ನು ನಿಧಾನವಾಗಿ ತಿರುಗಿಸಿ ನಿಲ್ಲಿಸಬೇಕು. ಎರಡನೆಯದಕ್ಕೂ ಬಾಯಿ ಕೆಳಮುಖವೇ. ಆದರೆ ಅದರ ತಲೆಯಲ್ಲಿ ಸಣ್ಣ ರಂಧ್ರವಿರಬೇಕು. ಅದರ ಮೂಲಕ ಗಾಳಿ ಒಳಹೊರಗೆ ಆಡುವುದರಿಂದ ಅದು ಹೀರುವುದಿಲ್ಲ, ಸುಮ್ಮನೆ ಸವರಿಕೊಂಡು ಇಳಿಯುತ್ತದೆ. ಮೊದಲನೆಯದು ಬಿಟ್ಟ ಅಲ್ಪಸ್ವಲ್ಪವನ್ನು ಇದು ಒಯ್ಯುತ್ತಿರುವುದರಿಂದ ಮಟ್ಟವು ತಾನಾಗಿಯೇ ಸ್ಥಿರವಾಗಿ ನಿಲ್ಲುತ್ತದೆ. ವಾಲ್ವನ್ನು ಕೂದಲೆಳೆಯಷ್ಟು ನಿಷ್ಕೃಷ್ಟವಾಗಿ ನಿಲ್ಲಿಸುವ ಶ್ರಮವು ತಪ್ಪುತ್ತದೆ. ರಂಧ್ರಕ್ಕೆ ಒಂದು ತೆಳುವಾದ ನಳಿಗೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಸಾಧಾರಣ ಮಟ್ಟಕ್ಕಿಂತ ಅರ್ಧ ಅಂಗುಲ ಮೇಲಕ್ಕೆ ಬಗ್ಗಿಸಿ ಕಟ್ಟುವುದು ಬಹಳ ಜಾಣತನದ ಉಪಾಯ. ಮೊದಲನೆಯ ಕೊಳವೆಯು ಕಟ್ಟಿಕೊಂಡು ನೀರು ಏರಿದರೆ ನಳಿಗೆಯ ತುದಿ ಮುಳುಗಿ ಗಾಳಿಯ ದಾರಿ ಮುಚ್ಚುತ್ತದೆ. ಆಗ ಎರಡನೆಯ ಕೊಳವೆಯೂ ಹೀರಲು ಮೊದಲುಮಾಡಿ ಮೊದಲನೆಯದರ ಭಾರವನ್ನು ತಾನು ಹೊರುತ್ತದೆ.

ಮೂರನೆಯ ಕೊಳವೆಗೆ ಎಲ್ಬೋ ಬೇಡ, ರಂಧ್ರ ಬೇಡ, ವಾಲ್ವು ಎಂದಿಗೂ ಬೇಡ. ಅದು ಸಾಧಾರಣ ಮಟ್ಟಕ್ಕಿಂತ ಒಂದಂಗುಲ ಮೇಲೆ ಬಾಯಿ ತೆರೆದುಕೊಂಡು ನಿಂತಿರಲಿ. ಅದರಲ್ಲಿ ನೀರು ಬಿದ್ದರೆ ದೊಡ್ಡದಾಗಿ ಸದ್ದಾಗುತ್ತದೆ, ಆಗಲಿ. ಬೇರೆ ಎರಡು ಕೊಳವೆಗಳು ಮೌನವಾಗಿರುವುದರಿಂದಲೇ ಈ ಸದ್ದು ಎಲ್ಲರ ಕಿವಿಗೆ ಬೀಳುತ್ತದೆ. ಇದು ತೊಟ್ಟಿಯ ಕಾವಲುಗಾರ. ಮಲಗಿರುವ ಆಳು ಎದ್ದುಬರುವುದಕ್ಕೆ ಇದಕ್ಕಿಂತ ಅಗ್ಗವಾದ ಗಂಟೆ ಬೇರೊಂದಿಲ್ಲ.

ಕೊಳವೆಗಳ ಕೆಳತುದಿಯನ್ನು ಕುರಿತು ಬಹಳ ಮಂದಿ ಒಂದು ತಪ್ಪನ್ನು ಮಾಡುತ್ತಾರೆ. ಸದ್ದು ಅಡಗಲೆಂದು ಮೊದಲನೆಯ ಕೊಳವೆಯ ತುದಿಯನ್ನು ಸಂಪಿನ ನೀರಿನಲ್ಲಿ ಒಂದಡಿ ಎರಡಡಿ ಮುಳುಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ಕೊಳವೆಯೊಳಗೆ ಸಿಕ್ಕಿಬಿದ್ದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಹೀರುವಿಕೆ ಆರಂಭವಾಗುವುದೇ ಇಲ್ಲ. ಮೇಲಿನ ನೀರು ಏರುತ್ತಲೇ ಇರುತ್ತದೆ. ತುದಿಯು ಒಂದಂಗುಲ ಮಾತ್ರ ಮುಳುಗಿರಬೇಕು. ಮೂರನೆಯದರ ತುದಿ ಮುಳುಗಲೇಬಾರದು.

ವಿದ್ಯುತ್ತು ನಿಂತಾಗ

ಹಳ್ಳಿಗಳಲ್ಲಿ ವಿದ್ಯುತ್ತು ನಿಲ್ಲುವುದು ಅಪೂರ್ವವಾದ ಸಂಗತಿಯಲ್ಲ. ಪಂಪು ನಿಂತಾಗ ತೊಟ್ಟಿಯ ಕೊಳವೆಗಳು ತಕ್ಷಣವೇ ನಿಲ್ಲುವುದಿಲ್ಲ. ನೀರು ಅವುಗಳ ಬಾಯಿಯ ಮಟ್ಟಕ್ಕೆ ಇಳಿಯುವವರೆಗೂ ಸಂಪಿಗೆ ಸುರಿಯುತ್ತಲೇ ಇರುತ್ತವೆ. 10 ಅಡಿಗೆ 6 ಅಡಿಯ ತೊಟ್ಟಿಯಲ್ಲಿ ನೀರು ಒಂದಂಗುಲ ಇಳಿಯಿತೆಂದರೆ 140 ಲೀಟರು ಹೊರಗೆ ಬಂದಂತೆ. ಮೂಲೆಗೂಡಿಲ್ಲದೆ ಕೊಳವೆಯ ಬಾಯಿಯನ್ನು ತೊಟ್ಟಿಯಲ್ಲಿಯೇ ಆರಂಗುಲ ಮುಳುಗಿಸಿಟ್ಟಿದ್ದರೆ 850 ಲೀಟರು ಸಂಪಿಗೆ ಬಂದು ಅದು ಉಕ್ಕಿ ಹರಿಯುತ್ತದೆ. ವಿದ್ಯುತ್ತು ಬಂದ ಮೇಲೆ ಪಂಪಿಗೆ ಎತ್ತಲು ಅಷ್ಟು ನೀರು ಇರುವುದಿಲ್ಲ. ಗೂಡಿದ್ದರೆ ತೊಟ್ಟಿಯಲ್ಲಿ ಇಳಿಯುವುದು ಅಂಚಿನ ಮೇಲಿದ್ದ ಅರ್ಧ ಅಂಗುಲ ಮಾತ್ರ, ಎಂದರೆ 70 ಲೀಟರು. ಅದರ ಸಂಗಡ ಗೂಡಿನ ನೀರು ಸ್ವಲ್ಪ. ಸಂಪಿನಲ್ಲಿ ಸದಾ 200 ಲೀಟರಿನಷ್ಟು ಜಾಗವನ್ನು ಖಾಲಿಯಾಗಿ ಬಿಟ್ಟಿದ್ದರೆ ಯಾವ ಭಯವೂ ಇಲ್ಲ. ಮೂಲೆಗೂಡಿಗೆ ತಗಲುವ ಇಟ್ಟಿಗೆ ಸಿಮೆಂಟುಗಳ ಖರ್ಚು ಈ ಒಂದು ಪ್ರಯೋಜನದಿಂದಲೇ ಮರಳಿ ಬರುತ್ತದೆ.

ಪಂಪಿನಿಂದ ತೊಟ್ಟಿಗೆ ಬರುವ ಕೊಳವೆಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಅದರ ಬಾಯಿಯು ನೀರಿನಲ್ಲಿ ಮುಳುಗಿದ್ದರೆ ಪಂಪು ನಿಂತಾಗ ಅದೇ ಕೊಳವೆಯು ತಿರುಗಿ ಹೀರಿ ತೊಟ್ಟಿಯನ್ನು ಬಾಯಿಯ ಮಟ್ಟದವರೆಗೂ ಬರಿದುಮಾಡುತ್ತದೆ. ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡುವುದೇ ಉತ್ತಮ. ಹಾಗೆ ಇಟ್ಟರೆ ಮೇಲೆ ಹೇಳಿದಂತೆ ನೀರಿಗೆ ಗಾಳಿಯೂ ಸೇರುತ್ತದೆ. ಗೋಡೆಯನ್ನು ಕೊರೆಯಲು ಇಷ್ಟವಿಲ್ಲದೆ ಗೋಡೆಯ ಮೇಲಿನಿಂದ ಬಗ್ಗಿಸಿದ ಕೊಳವೆಯಿಂದ ಹೆಚ್ಚುನೀರನ್ನು ತೆಗೆಯತಕ್ಕವರೂ ಇದ್ದಾರೆ. ಇದು ಅತ್ಯಂತ ಅಪಾಯಕರವಾದದ್ದು. ಅಂಥ ಕೊಳವೆಯಲ್ಲಿ ಒಂದು ಸಾರಿ ಹೀರುವಿಕೆ ಕಡಿದರೆ ತಾನಾಗಿ ಪುನಃ ಆರಂಭವಾಗುವ ನಂಬಿಕೆಯಿಲ್ಲ. ಕಡಿಯದೆ ಹೋದರೆ ಒಳಬಾಯಿಯ ಮಟ್ಟದವರೆಗೂ ತೊಟ್ಟಿ ಬರಿದಾಗುತ್ತದೆ. ಗಾಜಿನ ತೊಟ್ಟಿಯನ್ನು ಕೊರೆಯಿಸಬಹುದು. ಆದರೆ ಬಿಸಿಯಿಂದ ಹದಮಾಡಿದ ಗಟ್ಟಿ ಗಾಜನ್ನು ಕೊರೆಯಲು ಹೋದರೆ ಹಲಗೆಯೆಲ್ಲಾ ಚೂರುಚೂರಾಗುತ್ತದೆ. ಗಾಜು ಯಾವ ಜಾತಿಯದೆಂದು ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು.

ಎಲ್ಲವೂ ಸಿದ್ಧವಾದ ಮೇಲೆ ಮರಿಗಳನ್ನು ಬಿಡುವುದಕ್ಕೆ ಮುಂಚೆ ತೊಟ್ಟಿಯನ್ನು ಪರೀಕ್ಷೆ ಮಾಡತಕ್ಕದ್ದು. ಪಂಪನ್ನು ನಡೆಸಿ ಮೊದಲನೆಯ ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಬೇಕು; ಎರಡನೆಯದು ಹೀರಲು ತೊಡಗುವುದನ್ನು ನೋಡಬೇಕು. ಬಳಿಕ ಎರಡನ್ನೂ ಬಟ್ಟೆಯಿಂದ ಕಟ್ಟಿ ಮೂರನೆಯದು ಪಂಪಿನ ನೀರನ್ನೆಲ್ಲಾ ಒಯ್ಯುವುದೇ ಎಂದು ಅರ್ಧ ಗಂಟೆ ಕಾದು ನೋಡಬೇಕು. ಕಡೆಯಲ್ಲಿ ಪಂಪನ್ನು ನಿಲ್ಲಿಸಿ ಸಂಪು ಉಕ್ಕುವುದೇ ಎಂದು ನೋಡಬೇಕು. ಮೇಸ್ತ್ರಿಯ ಲೆಕ್ಕವನ್ನು ತೀರಿಸುವುದು ಈ ಮೂರು ಪರೀಕ್ಷೆಗಳೂ ಆದ ಮೇಲೆ ಆಗಲಿ.

ತಳದ ಕೆಟ್ಟ ನೀರು

ಕೋಡಿಯು ಯಾವಾಗಲೂ ಮೇಲಿನ ನೀರನ್ನೇ ಒಯ್ಯುತ್ತದೆ. ಆದರೆ ಬೆಳಕು ತಗಲುವ ಮೇಲಿನ ನೀರೇ ಒಳ್ಳೆಯದು; ಮೀನಿನ ಮಲವೂ ತಿನ್ನದೆ ಉಳಿದ ಹಿಂಡಿ ತೌಡುಗಳೂ ಕೊಳೆಯುವುದು ತಳದಲ್ಲಿ. ಒಳ್ಳೆಯದನ್ನು ಚೆಲ್ಲಿ ಕೆಟ್ಟದ್ದನ್ನು ಉಳಿಸಿಕೊಂಡಂತಾಗುತ್ತದೆ. ಮೂಲೆಗೂಡಿಲ್ಲದೆ ಒಂದೇ ನಿಂತ ಕೊಳವೆಯಿರುವ ತೊಟ್ಟಿಗಳಲ್ಲಿ ಇದಕ್ಕೆ ಸುಲಭವಾದ ಉಪಾಯವುಂಟು. ನಿಂತ ಕೊಳವೆಯ ಸುತ್ತ ಅದಕ್ಕಿಂತ ದಪ್ಪನಾದ ಇನ್ನೊಂದು ಕೊಳವೆಯನ್ನು ಅಂಗಿಯಂತೆ ತೊಡಿಸಬೇಕು. ಹೊರಕೊಳವೆಯ ತಲೆಯು ನೀರಿಗಿಂತ ಮೇಲೆ ಚಾಚಿರಬೇಕು; ಅದರ ಬುಡದಲ್ಲಿ ಸುತ್ತಲೂ ರಂಧ್ರಗಳಿರಬೇಕು. ಆಗ ನೀರು ತಳದ ರಂಧ್ರಗಳಿಂದ ಹೊಕ್ಕು, ಎರಡು ಕೊಳವೆಗಳ ನಡುವೆ ಏರಿ, ಒಳಕೊಳವೆಯ ಬಾಯಿಗೆ ಬೀಳುತ್ತದೆ. ತೊಟ್ಟಿಯ ಮಟ್ಟವು ಮೊದಲಿನಂತೆಯೇ ಒಳಕೊಳವೆಯ ಎತ್ತರದಲ್ಲಿ ನಿಲ್ಲುತ್ತದೆ, ಆದರೆ ಹೊರಗೆ ಹೋಗುವುದು ತಳದ ನೀರು. ರಂಧ್ರಗಳ ಒಟ್ಟು ವಿಸ್ತಾರವು ಒಳಕೊಳವೆಯ ಬಾಯಿಗಿಂತ ಮೂರು ನಾಲ್ಕು ಪಾಲು ಹೆಚ್ಚಾಗಿದ್ದರೆ ನೀರಿನ ಎಳೆತವು ಮೆಲ್ಲಗಾಗಿ ಮರಿಗಳು ರಂಧ್ರಗಳಿಗೆ ಅಂಟಿಕೊಂಡು ಸಾಯುವುದಿಲ್ಲ. ತೊಟ್ಟಿಯ ತಳವು ಕೊಳವೆಯ ಕಡೆಗೆ ಸ್ವಲ್ಪ ಇಳಿಜಾರಾಗಿದ್ದರೆ ಕಸವೂ ತಾನಾಗಿಯೇ ಅಲ್ಲಿಗೆ ಬಂದು ಸೇರುತ್ತದೆ. ಒಳಕೊಳವೆಯನ್ನು ಅಂಟುಹಾಕದೆ ತಳದ ಗುಳಿಯಲ್ಲಿ ಬಿಗಿಯಾಗಿ ಮಾತ್ರ ಕೂರಿಸಿದ್ದರೆ ಅದನ್ನು ಕಿತ್ತು ತೊಟ್ಟಿಯನ್ನು ಪೂರ್ತಿಯಾಗಿ ಬರಿದುಮಾಡಬಹುದು. ತೊಟ್ಟಿಯ ತೂಬು ಇದೇ.

ಮಣ್ಣಿನ ಕೊಳಗಳು

ತೊಟ್ಟಿಗೆ ಬರುವ ನೀರು ಪಂಪಿನ ಅಳತೆಯದು. ಕೊಳಕ್ಕೆ ಬರುವ ನೀರಿಗೆ ಅಳತೆಯಿಲ್ಲ. ಒಂದು ಎಕರೆಯ ಮೇಲೆ ಒಂದಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗೂ ಮಿಕ್ಕುತ್ತದೆ. ಐದು ಎಕರೆಯ ನೀರು ಹರಿದುಬರುವ ಕೊಳವೊಂದಿದೆಯೆನ್ನೋಣ. ಗಂಟೆಯೊಳಗೆ ಒಂದಂಗುಲ ಮಳೆ ಸುರಿದು, ಅದರಲ್ಲಿ ಅರ್ಧವು ಇಂಗಿ ಅರ್ಧವು ಅಷ್ಟೇ ಹೊತ್ತಿನಲ್ಲಿ ಹರಿದುಬಂದರೂ ಕೊಳಕ್ಕೆ ಸೆಕೆಂಡಿಗೆ 70 ಲೀಟರು ಬರುತ್ತದೆ. ಏರಿಯಲ್ಲಿ ಹೂತಿಟ್ಟ ನಾಲ್ಕಂಗುಲದ ಕೊಳವೆಯು ಬಾಯಿಯ ಮೇಲೆ ಒಂದಡಿ ನೀರು ನಿಂತಾಗ ಒಯ್ಯುವುದು ಸೆಕೆಂಡಿಗೆ 11 ಲೀಟರಿನಷ್ಟು. ಉಳಿದ 59 ಲೀಟರು ಎಲ್ಲಿಗೆ ಹೋಗಬೇಕು? ಏರಿಯನ್ನು ಹತ್ತಿ ಆಚೆಗೆ ಹೋಗುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದ ಮೇಲೆ ಅದನ್ನು ನಿಲ್ಲಿಸತಕ್ಕವರಿಲ್ಲ. ಅದೇ ಮೂರಡಿ ಅಗಲದ ಕಲ್ಲಿನ ಕೋಡಿಯ ಮೇಲೆ ಆರಂಗುಲ ನೀರು ಹರಿದರೆ ಸೆಕೆಂಡಿಗೆ 85 ಲೀಟರಿಗೂ ಹೆಚ್ಚು ಹೋಗುತ್ತದೆ. ಈ ಲೆಕ್ಕವನ್ನು ತಿಳಿದವರು ಮಣ್ಣಿನ ಕೊಳಕ್ಕೆ ಕೊಳವೆಯನ್ನು ನಂಬಿಕೊಂಡು ಕೋಡಿಯನ್ನು ಬಿಡಲಾರರು. ಕೊಳವೆಯು ದಿನಬಳಕೆಗೆ, ಕೋಡಿಯು ಮಳೆಗೆ.

ಕೋಡಿಯನ್ನು ಹೊಸದಾಗಿ ಹಾಕಿದ ಮಣ್ಣಿನ ಮೇಲೆ ಕಟ್ಟಬಾರದು. ಏರಿಯು ಮುಗಿಯುವ ಕಡೆಯಲ್ಲಿ ಕದಲದ ಗಟ್ಟಿ ನೆಲವನ್ನು ಕಡಿದು ಅಲ್ಲಿ ಕಟ್ಟಬೇಕು. ಅದರ ಕೆಳಗೆ ನೀರು ಬೀಳುವಲ್ಲಿ ಕಲ್ಲುಹಾಸನ್ನು ಮಾಡಿಸದಿದ್ದರೆ ಎರಡು ಮಳೆಗಾಲಗಳಲ್ಲಿ ಗುಂಡಿ ಬಿದ್ದು ಕೋಡಿಯ ಬುಡವೇ ಕುಸಿಯುತ್ತದೆ. ಏರಿಯ ತಲೆಯು ಕೋಡಿಯ ಮಟ್ಟಕ್ಕಿಂತ 2 ಅಡಿಗೆ ಕಡಮೆಯಿಲ್ಲದೆ ಎತ್ತರವಾಗಿರಬೇಕು. ಹೊಸ ಮಣ್ಣು ಕುಗ್ಗುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಅಷ್ಟು ಹೆಚ್ಚಾಗಿ ಹಾಕಿಸಿರಬೇಕು.

ತೂಬಿನ ಕೊಳವೆಯನ್ನು ಏರಿ ಹಾಕುವಾಗಲೇ ಹೂಳಬೇಕೇ ವಿನಾ ಆಮೇಲೆ ಅಗೆದು ಹೂಳುವುದು ಯುಕ್ತವಲ್ಲ. ಅದರ ಸುತ್ತ ಹದವಾದ ಜೇಡಿಮಣ್ಣನ್ನು ತೆಳುವಾಗಿ ಹಾಕಿ ಹಾಕಿ ತುಳಿಸಬೇಕು. ಏರಿಯ ಒಳಗೆ ಒಂದೆರಡು ಕಡೆ ಕೊಳವೆಗೆ ಕಾಂಕ್ರೀಟಿನ ಅಗಲವಾದ ಪಟ್ಟಿಗಳನ್ನು ಕೊರಳಪಟ್ಟಿಯಂತೆ ಹಾಕಿಸಬೇಕು. ಕೊಳವೆಯ ಹೊರಮೈಯನ್ನು ಹಿಡಿದು ನುಸುಳಿಬರುವ ನೀರಿಗೆ ಈ ಪಟ್ಟಿಗಳು ಅಡ್ಡಗಟ್ಟುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ಹಾಸಿದ ಹೊಂಡಗಳಲ್ಲಿ ಹಾಳೆಯನ್ನು ಕತ್ತರಿಸಿ ಕೊಳವೆ ತೂರಿಸುವುದಕ್ಕಿಂತ ತೂಬನ್ನೇ ಬಿಟ್ಟು, ಮೇಲಿನ ಕೋಡಿಯೊಂದನ್ನು ಸರಿಯಾಗಿ ಮಾಡಿಸಿ, ಬರಿದುಮಾಡಬೇಕಾದಾಗ ಪಂಪನ್ನು ಬಳಸುವುದು ಮೇಲು.

ಕೊಳವೆಯ ಒಳತುದಿಗೆ ಎಲ್ಬೋ ಒಂದನ್ನು ಅಂಟಿಲ್ಲದೆ, ಗ್ರೀಸು ಸವರಿ ಕೂರಿಸಿ, ಅದಕ್ಕೆ ನಿಂತ ಕೊಳವೆಯನ್ನು ಸಿಕ್ಕಿಸುವುದು ಅಗ್ಗವೂ ಸುಲಭವೂ ಆದ ಕ್ರಮ. ಕೊಳವೆಯು ನೆಟ್ಟಗೆ ನಿಂತಿದ್ದರೆ ಕೊಳವು ತುಂಬಿರುತ್ತದೆ. ಪಕ್ಕಕ್ಕೆ ಬಗ್ಗಿಸಿದಷ್ಟೂ ಮಟ್ಟವು ಇಳಿಯುತ್ತದೆ. ಮಲಗಿಸಿದರೆ ಕೊಳವು ಬರಿದಾಗುತ್ತದೆ. ನಿಂತ ಕೊಳವೆಯನ್ನು ಗೂಟಕ್ಕೆ ಹಗ್ಗದಿಂದ ಬಿಗಿಯಾಗಿ ಕಟ್ಟಿರಬೇಕು. ಎಮ್ಮೆಯೊಂದು ನೀರಿಗಿಳಿದು ಮೈಯುಜ್ಜಿಕೊಂಡರೆ ಕೊಳವೆ ಮಲಗಿ ಮೀನೆಲ್ಲಾ ಕಾಲುವೆಗೆ ಹೋದೀತು. ದೊಡ್ಡ ಕೊಳಗಳಿಗೆ ಯೂರೋಪಿನ ಕಾರ್ಪು ಮೀನಿನ ಕೊಳಗಳಲ್ಲಿರುವಂತೆ ಹಲಗೆಗಳ ತೂಬನ್ನು ಕಟ್ಟಿಸಬಹುದು. ಇದರಲ್ಲಿ ಮೂರು ಪಕ್ಕ ಗೋಡೆಯಿದ್ದು ನಾಲ್ಕನೆಯ ಪಕ್ಕದಲ್ಲಿ ಗಾಡಿಗಳೊಳಗೆ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸುತ್ತಾರೆ. ಎರಡು ಸಾಲು ಹಲಗೆಗಳ ನಡುವೆ ಜೇಡಿಮಣ್ಣನ್ನು ತುಂಬಿ, ಮುಂದೆ ಜಾಲರಿಯನ್ನು ಇಡುತ್ತಾರೆ.

ಜಾಲರಿಯು ಎಲ್ಲ ಕಡೆಯೂ ಬೇಕು. ಆದರೆ ಜಾಲರಿಯೇ ಕೋಡಿಯನ್ನು ಕಟ್ಟುವಂತಾಗಬಾರದು. ಕಿರಿದಾದ ಜಾಲರಿಯು ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಕೋಡಿಗಿಂತ ನಾಲ್ಕೈದು ಪಾಲು ಉದ್ದವಾಗಿ, ಅರ್ಧಚಂದ್ರಾಕಾರದಲ್ಲಿ ಕೋಡಿಯ ಮುಂದೆ ದೂರವಾಗಿ ನಿಲ್ಲಿಸಿದರೆ ಎಲೆ ಕಸಗಳು ಹರಡಿಕೊಂಡು ನೀರಿಗೆ ದಾರಿ ಉಳಿಯುತ್ತದೆ. ಮೀನು ತಪ್ಪಿಸಿಕೊಂಡರೆ ನಷ್ಟವು ಯಜಮಾನನಿಗೆ ಮಾತ್ರವಲ್ಲ. ಭಾರತ ಸರ್ಕಾರವು ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀನಿನ ಸಾಕಣೆಯನ್ನು ನಿಷೇಧಿಸಿರುವುದು ಅದು ಹೊರಗಿನ ನೀರಿಗೆ ಸೇರಿದರೆ ಊರ ಮೀನುಗಳನ್ನು ತಿಂದುಹಾಕುವುದೆಂದೇ. ಕೆಲವರು ಅದನ್ನು ಕದ್ದು ಸಾಕಿ, ಕೋಡಿ ಹರಿದಾಗ ಕೆರೆಗೆ ಸೇರಿಸಿಬಿಡುತ್ತಾರೆ.

ಊರಿನ ಮುಖ್ಯಸ್ಥರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮೀನು ಬಿಟ್ಟ ಕೆರೆಕೊಳಗಳಲ್ಲಿ ಇನ್ನೊಂದಡಿ ನೀರು ನಿಂತರೆ ಲಾಭವೆಂದು, ಅಥವಾ ಮೀನು ಕೋಡಿ ದಾಟಬಾರದೆಂದು, ಕೋಡಿಯ ಮೇಲೆ ಮರಳಿನ ಮೂಟೆಗಳನ್ನೋ ಮಣ್ಣನ್ನೋ ಪೇರಿಸಿ ಎತ್ತರ ಮಾಡುವ ಚಾಳಿ ಕೆಲವೆಡೆ ಕಾಣುತ್ತದೆ. ಕೋಡಿಯನ್ನು ಒಂದಡಿ ಎತ್ತರಿಸಿದವನು ಏರಿಯನ್ನು ಒಂದಡಿ ತಗ್ಗಿಸಿದಂತೆಯೇ ಸರಿ. ಇದರಲ್ಲಿ ಲಾಭವು ಒಬ್ಬನದು, ಅಪಾಯವು ಕೆಳಗಿನ ಜಮೀನಿನವರೆಲ್ಲರದು. ಇಂಥದು ಕಂಡುಬಂದರೆ ಆ ದಿನವೇ ತೆಗೆಯಿಸತಕ್ಕದ್ದು. ಮೋಡ ಕವಿದ ಮೇಲೆ ಪಂಚಾಯಿತಿ ಸೇರುವುದರಿಂದ ಪ್ರಯೋಜನವಿಲ್ಲ.

ಹೊರಹೋದ ನೀರನ್ನು ದಾರಿಯ ಮೇಲೆ ಬಿಡಕೂಡದು. ನಿಂತಲ್ಲಿ ಸೊಳ್ಳೆಗಳು ಹುಟ್ಟುತ್ತವೆ. ನೆರೆಯವರೊಡನೆ ಜಗಳಗಳೂ ಹುಟ್ಟುತ್ತವೆ. ಮೀನಿನ ಕೊಳದ ತಳದ ನೀರಿನಲ್ಲಿ ಗೊಬ್ಬರದ ಅಂಶವಿರುವುದರಿಂದ ಅದನ್ನು ಬಾಳೆಗೋ ತೆಂಗಿಗೋ ಮೇವಿನ ಹುಲ್ಲಿಗೋ ಹಾಯಿಸುವುದು ಲಾಭಕರ. ಕಾಲುವೆಯನ್ನು ತೂಬಿನಿಂದಲೇ ಆರಂಭಿಸಿ ತೋಟದವರೆಗೆ ತೆಗೆಸಿಟ್ಟಿದ್ದರೆ ಪ್ರತಿ ವಾರವೂ ತಳದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬಹುದು.

ಮುಂಗಾರಿಗೆ ಮೊದಲು, ಎಂದರೆ ಮೇ ತಿಂಗಳು ಮುಗಿಯುವುದರೊಳಗೆ, ಜಾಲರಿಗಳನ್ನು ಬಿಚ್ಚಿ ತೊಳೆದು, ಹರಿದುದನ್ನು ಬದಲಾಯಿಸಿ, ಏರಿಯಲ್ಲಿ ಏಡಿಯ ಮತ್ತು ಹೆಗ್ಗಣದ ಬಿಲಗಳನ್ನು ಹುಡುಕಿ ಜೇಡಿಮಣ್ಣಿನಿಂದ ಮುಚ್ಚಿಸಬೇಕು. ತೂಬಿನ ಕೊಳವೆಯ ಹೊರತುದಿಯ ಸುತ್ತ ಮಣ್ಣು ಒದ್ದೆಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಒದ್ದೆಯಿದ್ದು ಒಸರುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಕೆಂಪಾಗಿ ಮಣ್ಣನ್ನು ತರುತ್ತಿದ್ದರೆ ಆ ಹೊತ್ತೇ ಕೊಳವನ್ನು ಇಳಿಸಿ ಅಗೆಯಿಸಬೇಕು. ಮಳೆಗಾಲದಲ್ಲಿ ಪ್ರತಿದಿನ ಸಂಜೆ, ಕತ್ತಲಾಗುವ ಮೊದಲು, ಒಬ್ಬ ಆಳು ಕೋಡಿಯ ಜಾಲರಿಯನ್ನು ಕೈಯಿಂದ ಸವರಿ ಎಲೆಗಳನ್ನು ತೆಗೆದುಹಾಕಲಿ. ತೊಟ್ಟಿಯ ಬಳಿ ಒಂದು ನಿಮಿಷ ನಿಂತು ಕೊಳವೆಗಳ ಕಡೆ ಕಿವಿಗೊಡಲಿ.